ಕೊಳಗದ ನ್ಯಾಯವು ತೋಟಕ್ಕೂ ಬರಲಿ

ಕೂಲಿಗಾರರ ಪ್ರಶ್ನೆಯೆಂದೊಡನೆ ಗಿರಣಿಯ ಸಿಳ್ಳು, ಕಾರಖಾನೆಯ ಹೆಬ್ಬಾಗಿಲು, ಪಟ್ಟಣದ ಮೆರವಣಿಗೆ ಇವೇ ನಮ್ಮ ಕಣ್ಣ ಮುಂದೆ ನಿಲ್ಲುವವು. ಆದರೆ ಮಲೆನಾಡಿನ ದುಡಿಮೆಯ ಬಹುಭಾಗವು ನಡೆಯುತ್ತಿರುವುದು ಹೊಗೆಗೊಳವೆಯ ಕೆಳಗಲ್ಲ. ಅಡಕೆಯ ಮರದ ತುದಿಯಲ್ಲಿ. ತೀರ್ಥಹಳ್ಳಿ ತಾಲೂಕಿನ ಅರಳಸುರಳಿಯ ಆಸುಪಾಸಿನಲ್ಲಾಗಲಿ, ಹೊಸನಗರ ಸಾಗರಗಳ ಕಣಿವೆಗಳಲ್ಲಾಗಲಿ, ಕೊನೆಗಾರನಿಲ್ಲದೆ ತೋಟದ ಬೆಳೆಯು ಮನೆಗೆ ಬಾರದು. ಅಂಥವನು ತನ್ನ ಕೆಲಸವನ್ನೂ ಸಂಘವನ್ನೂ ಸರಕಾರವನ್ನೂ ಕುರಿತು ಏನೆಂದು ಬಗೆದಿರುವನೆಂದು ಕೇಳಿದವರು ವಿರಳ.

ಕೇಳಿದರೆ ಅವನ ಉತ್ತರವು ಚಿಕ್ಕದು. ಮೈಯಲ್ಲಿ ಕಸುವಿರುವವರೆಗೆ ಹತ್ತು ಮನೆಯಿಂದ ಕರೆ ಬರುವುದು. ಮರದಿಂದ ಜಾರಿದ ದಿನ ಕರೆಯೂ ನಿಲ್ಲುವುದು, ಕೂಲಿಯೂ ನಿಲ್ಲುವುದು. ಸಂಘವೆಂಬುದು ಸಂಬಳದ ನೌಕರರಿಗೆ, ನಮಗೆಲ್ಲಿಯದು? ಈ ಪ್ರಶ್ನೆಗೆ ಉತ್ತರ ಕೊಡುವುದು ಇಂದು ನಮ್ಮ ಕರ್ತವ್ಯವಾಗಿದೆ.

ಮೊದಲು ಆ ಕೆಲಸದ ಸ್ವರೂಪವನ್ನು ನೋಡೋಣ. ಕಾಲಿಗೆ ತಳೆಯನ್ನು ತೊಟ್ಟು, ಐವತ್ತು ಅರುವತ್ತು ಅಡಿಯ ಮರವನ್ನೇರಿ, ಒಂದು ಮರದಿಂದ ಮತ್ತೊಂದಕ್ಕೆ ತೂಗಿ ದಾಟಿ, ಕೊನೆಗಳನ್ನು ಕೊಯ್ದು ಹಗ್ಗದಲ್ಲಿ ಇಳಿಬಿಡತಕ್ಕ ಈ ವಿದ್ಯೆಯು ಯಾವ ಶಾಲೆಯಲ್ಲಿಯೂ ದೊರೆಯದು. ಮಳೆಗಾಲದಲ್ಲಿ ಕೊಳೆರೋಗವನ್ನು ತಡೆಯಲು ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಕೊನೆಕೊನೆಗೂ ಹೊಡೆಯಬೇಕು. ಆಗ ಮರವು ಪಾಚಿಗಟ್ಟಿರುವುದು, ಗಾಳಿಯು ಬೀಸುತ್ತಿರುವುದು, ನೆಲವು ಕಾಣದಿರುವುದು. ಒಂದು ಹೆಜ್ಜೆ ತಪ್ಪಿದರೆ ಬೆನ್ನೆಲುಬು ಮುರಿದು, ಒಂದು ಸಂಸಾರವೇ ನೆಲ ಹಿಡಿಯುವುದು. ಇನ್ನು ಕೊಯ್ದ ಅಡಕೆಯನ್ನು ರಾತ್ರಿಯ ಮೂರು ಜಾವವೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ, ಚೊಗರಿನ ಕಪ್ಪು ಎಷ್ಟು ಆಳಕ್ಕೆ ಇಳಿಯುವುದೆಂಬುದನ್ನು ಹೇಳಬೇಕಾಗಿಲ್ಲ.

ಈ ನೆಲಕ್ಕೆ ಸಂಘಶಕ್ತಿಯು ಹೊಸದಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ನೆಯ ಇಸವಿಯ ಏಪ್ರಿಲಿನಲ್ಲಿ ಗೇಣಿದಾರರು ಹೊಲಕ್ಕಿಳಿದು ಸತ್ಯಾಗ್ರಹವನ್ನು ಹೂಡಿದರು. ಗೇಣಿಯನ್ನು ಅಳೆಯುವ ಕೊಳಗವು ರೂಢಿಯ ಅಳತೆಗಿಂತ ದೊಡ್ಡದಾಗಿದ್ದುದೇ ಆ ಕಲಹದ ಬೀಜವು. ಎಚ್. ಗಣಪತಿಯಪ್ಪನವರು ಕಟ್ಟಿ ಬೆಳೆಸಿದ ರೈತ ಸಂಘವು ಆ ಬಡವರ ಬೆನ್ನಿಗೆ ನಿಂತಿತು; ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿ ತರುಣರು ಕೈಗೂಡಿಸಿದರು; ಅದೇ ಜೂನಿನಲ್ಲಿ ರಾಮಮನೋಹರ ಲೋಹಿಯಾರವರು ಬಂದು ಬಂಧನಕ್ಕೊಳಗಾದರು. ಅಂದು ಅದು ಸೋತಂತೆ ಕಂಡಿತು. ಆದರೆ ಅದರ ಫಲವು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಮಾಗಿತು. ಉಳುವವನು ಒಡೆಯನಾದನು.

ತೋಟದ ಒಡೆಯರಿಗೂ ಸಂಘವು ಹೊಸದಲ್ಲ. ಒಬ್ಬೊಬ್ಬನೇ ಮೂಟೆ ಹೊತ್ತು ಮಂಡಿಗೆ ಹೋದವನು ದಲಾಲಿಯು ಹೇಳಿದ ಧಾರಣೆಗೆ ಕೊರಳೊಡ್ಡಬೇಕಾಗುವುದೆಂಬುದನ್ನು ಅರಿತೇ ಅವರು 1939ರಲ್ಲಿ ಶಿವಮೊಗ್ಗೆಯಲ್ಲಿ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘವನ್ನು, ಎಂದರೆ ಇಂದಿನ ಮ್ಯಾಮ್‌ಕೋಸನ್ನು ಸ್ಥಾಪಿಸಿದರು. 1973ರಲ್ಲಿ ಕರಾವಳಿಯಲ್ಲಿ ಕ್ಯಾಂಪ್ಕೊ ಹುಟ್ಟಿದುದೂ ಇದೇ ತತ್ತ್ವದಿಂದ. ಬೆಳೆಗಾರನಿಗೆ ಸಂಘವುಂಟು, ಗೇಣಿದಾರನಿಗೆ ಸಂಘವಿದ್ದಿತು, ಕೊನೆಗಾರನಿಗೆ ಮಾತ್ರ ಅದು ಸಲ್ಲದೆನ್ನುವುದು ಯಾವ ಧರ್ಮಶಾಸ್ತ್ರದ ಮಾತು?

ನಾವಿಲ್ಲಿ ಒಂದು ಕಹಿಯಾದ ಮಾತನ್ನು ಆಡಲೇಬೇಕಾಗಿದೆ. ಅಂದು ಕೊಳಗದ ಅನ್ಯಾಯಕ್ಕೆ ಸಿಡಿದೆದ್ದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದು ಸ್ವಂತ ತೋಟದ ಒಡೆಯರು; ಕೂಲಿಯನ್ನು ಕೊಡತಕ್ಕವರು. ಸುಲಿಗೆಯ ಕೂಲಿಯನ್ನು ಡಬ್ಬದ ಲೆಕ್ಕದಲ್ಲಿ ಅಳೆಯುವಾಗ ಆ ಡಬ್ಬದ ಬಾಯಿಯು ಎಷ್ಟು ಅಗಲ, ಅದಕ್ಕೆ ತಲೆದುಂಬಿಸುವುದು ಎಷ್ಟು ಎಂಬುದನ್ನು ಅವರು ಒಮ್ಮೆ ನೋಡಿಕೊಳ್ಳಲಿ. ಅಳತೆಯು ಬದಲಾಗಬಹುದು, ಅಳೆಯುವ ಕೈಯು ಬದಲಾಗಬಹುದು. ನ್ಯಾಯವು ಮಾತ್ರ ಒಂದೇ.

ಬೆಳೆಗಾರರ ಕಷ್ಟವನ್ನು ನಾವು ಅರಿಯದವರಲ್ಲ. ಎಲೆಚುಕ್ಕಿ ರೋಗವು ತೋಟಗಳನ್ನು ಸುಡುತ್ತಿದೆ. ಧಾರಣೆಯು ಏರಿದಂತೆಯೇ ಇಳಿಯುವುದು. ಎರಡೆಕರೆಯವನಿಗೆ ಕೂಲಿಯೇ ಭಾರ. ಆದರೆ ಕೊನೆಗಾರರು ಸಿಕ್ಕದೆ ಕೊಯ್ಲು ತಡವಾಗಿ, ಹಣ್ಣಡಕೆ ಉದುರುವ ನಷ್ಟವನ್ನು ಅನುಭವಿಸುತ್ತಿರುವವರೂ ಅವರೇ. ಮರವೇರಬಲ್ಲ ತಂದೆಯು ತನ್ನ ಮಗನಿಗೆ ಆ ವಿದ್ಯೆಯನ್ನು ಕಲಿಸಲು ಒಲ್ಲನು. ಬೆಂಗಳೂರಿನ ಬಸ್ಸನ್ನು ಹತ್ತಿಸುವನು. ಬಿದ್ದರೆ ಗತಿಯಿಲ್ಲದ ಕಸುಬಿಗೆ ಯಾರು ತಾನೇ ಮಗನನ್ನು ಕೊಡುವರು? ಆದುದರಿಂದ ಕೊನೆಗಾರನ ಭದ್ರತೆಯು ತೋಟದ ಭದ್ರತೆಯೇ ಆಗಿದೆ.

ಭದ್ರಾವತಿಯನ್ನು ನೋಡಿರಿ. 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಬ್ಬಿಣದ ಕಾರಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಾಗ, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅವರ ದನಿಯು ದಿಲ್ಲಿಯವರೆಗೆ ಮುಟ್ಟಿತು. ಅದೇ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅವರ ಸಂಕಟವು ಅಷ್ಟಕ್ಕೇ ತೀರಲಿಲ್ಲವೆಂಬುದು ನಿಜ; ಆದರೂ ಒಗ್ಗಟ್ಟಿನ ಕೂಗಿಗೆ ಕಿವಿಯುಂಟೆಂಬುದು ಸಿದ್ಧವಾಯಿತು. ಕೊನೆಗಾರನಿಗಾದರೋ ಕುಳಿತುಕೊಳ್ಳಲು ಒಂದು ಬಾಗಿಲೂ ಇಲ್ಲ. ಇಂದು ಒಬ್ಬರ ತೋಟ, ನಾಳೆ ಮತ್ತೊಬ್ಬರದು.

ಕಾಯಿದೆಗಳೇನೋ ಇವೆ. ಅಸಂಘಟಿತರ ಹೆಸರನ್ನು ಬರೆದುಕೊಳ್ಳಲು 2021ರಲ್ಲಿ ಇ-ಶ್ರಮ್ ಎಂಬ ವ್ಯವಸ್ಥೆಯು ಬಂದಿತು. ಇಪ್ಪತ್ತೊಂಬತ್ತು ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಕೂಡಿಸಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿರುವರು. ಆದರೆ ಕೇಳುವವನಿಲ್ಲದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಪತ್ರದಂತೆ. ತೆಂಗಿನ ಮರವೇರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯು ‘ಕೇರ ಸುರಕ್ಷಾ’ ಎಂಬ ವಿಮೆಯನ್ನು ಏರ್ಪಡಿಸಿರುವಾಗ, ಅಡಕೆಯ ಮರವೇರುವವನಿಗೂ ಅದಕ್ಕೆ ಸಮನಾದುದು ಸುಲಭವಾಗಿ ಕೈಗೆಟುಕುವಂತೆ ಆಗಲೇಬೇಕು.

ಮಾಡತಕ್ಕುದೇನು? ಮೊದಲನೆಯದಾಗಿ, ತಾಲೂಕಿಗೊಂದರಂತೆ ಕೊನೆಗಾರರ ಮತ್ತು ಸುಲಿಯುವವರ ಸಂಘವು ಹುಟ್ಟಲಿ. ಎರಡನೆಯದಾಗಿ, ಕೊಯ್ಲಿಗೆ ಮೊದಲೇ ಬೆಳೆಗಾರರ ಸಹಕಾರ ಸಂಘಗಳೂ ಈ ಸಂಘಗಳೂ ಎದುರುಬದುರು ಕುಳಿತು ಕೂಲಿಯ ದರವನ್ನೂ ಅಳತೆಯನ್ನೂ ಗೊತ್ತುಮಾಡಲಿ. ತೂಕವು ತಕ್ಕಡಿಯಲ್ಲಿಯೇ ಆಗಲಿ. ಮೂರನೆಯದಾಗಿ, ವಿಮೆಯ ಕಂತಿನಲ್ಲಿ ಒಂದು ಪಾಲನ್ನು ಬೆಳೆಗಾರರ ಸಂಘಗಳು ಹೊರಲಿ. ನಾಲ್ಕನೆಯದಾಗಿ, ನೆಲದ ಮೇಲೆ ನಿಂತೇ ಕೊಯ್ಯಲೂ ಔಷಧ ಹೊಡೆಯಲೂ ಬರುವ ಕಾರ್ಬನ್ ಫೈಬರ್ ದೋಟಿಗಳನ್ನು ಕೊನೆಗಾರರಿಗೇ ಸಾಲದ ಮೇಲೆ ಕೊಟ್ಟು ತರಬೇತು ಮಾಡಲಿ. ಯಂತ್ರವು ಅವನ ಅನ್ನವನ್ನು ಕಸಿಯದೆ, ಅವನ ಪ್ರಾಣವನ್ನು ಕಾಯಲಿ.

ಕೂಲಿಗಾರ ಬಂಧುಗಳಿಗೂ ಒಂದು ಮಾತು. ಸಂಘವೆಂದರೆ ಹಕ್ಕಷ್ಟೇ ಅಲ್ಲ, ಹೊಣೆಯೂ ಹೌದು. ಮುಂಗಡವನ್ನು ಪಡೆದ ತೋಟಕ್ಕೆ ಹೇಳಿದ ದಿನ ಹೋಗುವ ನೇಮವನ್ನು ಸಂಘವೇ ಕಾಯಬೇಕು. ಮಾತಿಗೆ ನಿಲ್ಲುವವನ ಬೇಡಿಕೆಗೆ ತೂಕವು ಹೆಚ್ಚು.

ಕಾಗೋಡಿನ ಹಿರಿಯರು ದಯೆಯನ್ನು ಬೇಡಲಿಲ್ಲ. ಸರಿಯಾದ ಅಳತೆಯನ್ನು ಕೇಳಿದರು. ಇಂದು ಮರದ ಮೇಲಿರುವವನು ಕೇಳುತ್ತಿರುವುದೂ ಅಷ್ಟೇ. ಅವನ ಕೆಳಗೆ ನಿಂತು ಹಗ್ಗವನ್ನು ಹಿಡಿಯತಕ್ಕ ಹೊಣೆಯು ನಾಡಿನದು. ಆ ಹಗ್ಗವನ್ನು ನಾಡು ಬಿಡದಿರಲಿ.