ಫೋಟೊ ಅಳತೆಗೆ ಕೂತಿತು, ದಿನಾಂಕ ಎಲ್ಲಿ ಹೋಯಿತು?

"ಈ ಮಗು ಕಾಣೆಯಾಗಿದೆ, ದಯವಿಟ್ಟು ಎಲ್ಲ ಗ್ರೂಪ್‌ಗಳಿಗೂ ಕಳಿಸಿ" ಎಂಬ ಫೋಟೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಮಗುವಿನ ಮುಖ ಕಾಣುತ್ತದೆ, ತೊಟ್ಟ ಬಟ್ಟೆಯ ಬಣ್ಣ ಕಾಣುತ್ತದೆ. ಕೆಳಗಡೆ ಒಂದು ಸಾಲು ಮಾತ್ರ ಅರ್ಧಕ್ಕೆ ಕತ್ತರಿಸಿಹೋಗಿ, ಅಕ್ಷರಗಳ ತಲೆಕಟ್ಟಷ್ಟೇ ಉಳಿದಿರುತ್ತದೆ. ಸಾಮಾನ್ಯವಾಗಿ ಆ ಸಾಲಿನಲ್ಲಿ ಇರುವುದು ದಿನಾಂಕ, ಪೊಲೀಸ್ ಠಾಣೆಯ ಹೆಸರು, ಫೋನ್ ನಂಬರ್.

ಅದನ್ನು ಯಾರೂ ಬೇಕೆಂದೇ ಕತ್ತರಿಸಿರಬೇಕಾಗಿಲ್ಲ. ಒಬ್ಬರು ಸ್ಟೇಟಸ್‌ಗೆ ಹಾಕಿದರು, ಇನ್ನೊಬ್ಬರು ಅದರ ಸ್ಕ್ರೀನ್‌ಶಾಟ್ ತೆಗೆದರು, ಮತ್ತೊಬ್ಬರು ಇನ್‌ಸ್ಟಾಗ್ರಾಮ್ ಪೋಸ್ಟಿನ ಅಳತೆಗೆ ಹೊಂದಿಸಿದರು. ಪ್ರತಿ ಸಲ ಒಂದೊಂದು ಅಂಚು ಹೋಯಿತು. ಮಗು ಮನೆ ಸೇರಿ ವರ್ಷಗಳಾದರೂ ಫೋಟೊ ಸುತ್ತುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ: ಹಳೆಯದು ಎಂದು ಹೇಳಬೇಕಿದ್ದ ದಿನಾಂಕವೇ ಅದರಲ್ಲಿಲ್ಲ. ಇದರ ಇನ್ನೊಂದು ಮುಖ ಹೆಚ್ಚು ಗಂಭೀರ. ಇವತ್ತೇ ಕಾಣೆಯಾದ ಮಗುವಿನ ಫೋಟೊ ನಮಗೆ ಬರುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಮಾತ್ರ ಇರುವುದಿಲ್ಲ.

ಮೂರು ಕೆಲಸಕ್ಕೆ ಒಂದೇ ಹೆಸರು

ಫೋಟೊ 'ರಿಸೈಜ್' ಮಾಡುವುದು ಎಂದು ನಾವು ಸುಮ್ಮನೆ ಹೇಳುತ್ತೇವೆ. ಆದರೆ ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ ಸಂಖ್ಯೆ ಇಳಿಸಿ ಕುಗ್ಗಿಸುವುದು ಒಂದು. ಅಂಚು ಕತ್ತರಿಸುವುದು, ಅಂದರೆ ಕ್ರಾಪ್, ಇನ್ನೊಂದು. ಫೈಲಿನ ತೂಕ ಇಳಿಸಲು ಕಂಪ್ರೆಸ್ ಮಾಡುವುದು ಮೂರನೆಯದು. ಮೂರರಲ್ಲೂ ಏನೋ ಒಂದು ಹೋಗುತ್ತದೆ, ಹೋಗಿದ್ದು ಆ ಪ್ರತಿಗೆ ಮತ್ತೆ ಬರುವುದಿಲ್ಲ.

12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 4000 × 3000 ಅಳತೆಯದು, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ವಾಟ್ಸ್‌ಆಪ್‌ನಲ್ಲಿ ಅದನ್ನು ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ಉದ್ದನೆಯ ಬದಿ ಸುಮಾರು 1600ಕ್ಕೆ ಇಳಿಯುತ್ತದೆ. 1600 × 1200 ಎಂದರೆ 19 ಲಕ್ಷ 20 ಸಾವಿರ. ಆರು ಪಾಲಿನಲ್ಲಿ ಐದು ಪಾಲು ಹೋಯಿತು. ಮೊಬೈಲ್ ಪರದೆಯೇ ಚಿಕ್ಕದಾದ್ದರಿಂದ ನಮಗೆ ಇದು ಗೊತ್ತಾಗುವುದಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಮಾತ್ರೆ ಚೀಟಿಯ ಹೆಸರು ಓದಲು ಹೋದಾಗ ಗೊತ್ತಾಗುತ್ತದೆ. 2023ರ ಆಗಸ್ಟ್‌ನಿಂದ ವಾಟ್ಸ್‌ಆಪ್‌ನಲ್ಲಿ 'ಎಚ್‌ಡಿ' ಗುಂಡಿ ಇದೆ, ಅದನ್ನು ಒತ್ತಿ ಕಳಿಸಿದರೆ ನಷ್ಟ ಕಡಿಮೆ.

ಕಂಪ್ರೆಸ್ ಮಾಡುವ ವಿಧಾನದ ಹಿಂದೆ ನಮ್ಮ ಊರಿನ ಹೆಸರೂ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, 1972ರಲ್ಲಿ ಒಂದು ಗಣಿತ ವಿಧಾನದ ಬಗ್ಗೆ ಕೆಲಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಳಿ ಹಣ ಕೇಳಿದರು. ವಿಚಾರ ತೀರಾ ಸರಳ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಆ ವಿಧಾನವೇ 1992ರ ಜೆಪಿಇಜಿ ಮಾನಕದ ಬುನಾದಿ. ನಮಗೆ ಬರುವ ಗುಡ್ ಮಾರ್ನಿಂಗ್ ಹೂವುಗಳಲ್ಲಿ ಬಹುಪಾಲು ಅದರ ಮೂಲಕವೇ ಹಾದು ಬಂದಿವೆ.

ಅದು ಮಾಡುವುದಿಷ್ಟು. ಫೋಟೊವನ್ನು 8 × 8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದಲ್ಲೂ ಬಣ್ಣ ನಿಧಾನವಾಗಿ ಬದಲಾಗುವ ಭಾಗವನ್ನು ಜೋಪಾನವಾಗಿ ಇಟ್ಟುಕೊಂಡು, ತಟ್ಟನೆ ಬದಲಾಗುವ ಸಣ್ಣ ವಿವರಗಳನ್ನು ಒರಟಾಗಿ ಅಂದಾಜು ಮಾಡುತ್ತದೆ. ಆಕಾಶ, ಕೆನ್ನೆ, ಗೋಡೆಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ನಮ್ಮ ಕಣ್ಣೂ ಅಂಥ ಸಣ್ಣ ವಿವರವನ್ನು ಅಷ್ಟಾಗಿ ಗಮನಿಸುವುದಿಲ್ಲ. ತೊಂದರೆ ಇರುವುದು ಅಕ್ಷರಗಳಿಗೆ. ಬಿಳಿಯಿಂದ ಕಪ್ಪಿಗೆ ತಟ್ಟನೆ ಜಿಗಿಯುವ ಅಂಚೇ ಅಕ್ಷರದ ಜೀವ. ಅದರಲ್ಲೂ ಕನ್ನಡದಲ್ಲಿ 'ದ' ಮತ್ತು 'ಧ' ನಡುವೆ ಇರುವುದು ಒಂದು ಸಣ್ಣ ಸೀಳು, ಒತ್ತಕ್ಷರಗಳಂತೂ ಮೊದಲೇ ಪುಟ್ಟವು. ಕುಗ್ಗಿಸಿ, ಕಂಪ್ರೆಸ್ ಮಾಡಿದಾಗ ಮೊದಲು ಕಲಸಿಹೋಗುವುದು ಅವೇ. ಅಂಕಿಗಳಲ್ಲಿ 3, 6, 8 ಒಂದೇ ಥರ ಕಾಣತೊಡಗುತ್ತವೆ. ಔಷಧ ಚೀಟಿಯಲ್ಲಿ 0.5ರ ಚುಕ್ಕಿ ಮಾಯವಾದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಚೀಟಿಯನ್ನು ಫೋಟೊ ನೋಡಿಯೇ ನಂಬಬೇಡಿ, ಔಷಧದ ಹೆಸರು ಮತ್ತು ಪ್ರಮಾಣವನ್ನು ಬೇರೆಯಾಗಿ ಟೈಪ್ ಮಾಡಿಸಿಕೊಳ್ಳಿ ಅಥವಾ ಫೋನಿನಲ್ಲಿ ಕೇಳಿ.

ಫಾರ್ವರ್ಡ್ ಮಾಡಿದಷ್ಟೂ ಫೋಟೊ ಮಸುಕಾಗುತ್ತದೆಯೇ?

ಹೀಗೆಂದು ಅನೇಕರು ನಂಬಿದ್ದಾರೆ, ಆದರೆ ಇದು ಪೂರ್ತಿ ನಿಜವಲ್ಲ. ವಾಟ್ಸ್‌ಆಪ್‌ನ ಫಾರ್ವರ್ಡ್ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಹೋಗುವುದು ಅದೇ ಫೈಲ್. ಹಾಳಾಗುವುದು ನಡುವೆ ಯಾರಾದರೂ ಅದನ್ನು ಫೇಸ್‌ಬುಕ್‌ಗೆ ಏರಿಸಿ, ಅಲ್ಲಿಂದ ಇಳಿಸಿಕೊಂಡು, ಸ್ಕ್ರೀನ್‌ಶಾಟ್ ಹೊಡೆದು, ಮೇಲೊಂದು ಸ್ಟಿಕ್ಕರ್ ಅಂಟಿಸಿ ಮತ್ತೆ ಕಳಿಸಿದಾಗ. ಪ್ರತಿ ಹೊಸ ಪ್ರತಿಗೂ ಹೊಸದಾಗಿ ಕಂಪ್ರೆಸ್ ಆಗುತ್ತದೆ. ಹಾಗಾಗಿ ತುಂಬಾ ಮಸುಕಾದ ಫಾರ್ವರ್ಡ್ ಬಂದರೆ ಅದು ಬಹಳ ಕೈ ದಾಟಿ, ಬಹುಶಃ ಬಹಳ ಕಾಲ ಸುತ್ತಿ ಬಂದದ್ದಿರಬಹುದು. ಅದು ಸುಳ್ಳು ಎನ್ನುವುದಕ್ಕೆ ಇಷ್ಟೇ ಸಾಕ್ಷಿಯಲ್ಲ, ಮೂಲ ಹುಡುಕಲು ಸಾಕಾದ ಕಾರಣವಂತೂ ಹೌದು.

ಅಂಚು ಹೋದರೆ ಅರ್ಥವೂ ಹೋಗಬಹುದು

ಮಸುಕು ಕಣ್ಣಿಗೆ ಕಾಣುತ್ತದೆ, ಕ್ರಾಪ್ ಕಾಣುವುದಿಲ್ಲ. ನಮಗೆ ಹೆಚ್ಚು ಆತಂಕ ಇರುವುದು ಅದರ ಬಗ್ಗೆಯೇ. 2020ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ದಾವೋಸ್‌ನಲ್ಲಿ ಐವರು ಹವಾಮಾನ ಹೋರಾಟಗಾರ್ತಿಯರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅದನ್ನು ಪ್ರಕಟಿಸಿದಾಗ ಅದರಲ್ಲಿ ಗ್ರೇಟಾ ಥನ್‌ಬರ್ಗ್ ಸೇರಿ ನಾಲ್ವರಿದ್ದರು. ಅಂಚಿನಲ್ಲಿ ನಿಂತಿದ್ದ ಉಗಾಂಡದ ವನೆಸ್ಸಾ ನಕಾಟೆ ಇರಲಿಲ್ಲ. ಐವರಲ್ಲಿ ಕಪ್ಪು ವರ್ಣದವರು ಆಕೆ ಒಬ್ಬರೇ. ಹಿಂದಿನ ಕಟ್ಟಡ ಚೆನ್ನಾಗಿ ಕಾಣುತ್ತಿರಲಿಲ್ಲವೆಂದು ಕತ್ತರಿಸಿದ್ದು ಎಂಬ ವಿವರಣೆ ಬಂತು, ಆಮೇಲೆ ಸಂಸ್ಥೆ ಕ್ಷಮೆ ಕೇಳಿತು. ಫೋಟೊದಲ್ಲಿ ಸುಳ್ಳು ಏನೂ ಸೇರಿಸಿರಲಿಲ್ಲ. ಆದರೂ ನೋಡಿದವರಿಗೆ ಸಿಕ್ಕ ಚಿತ್ರಣ ಸುಳ್ಳಾಗಿತ್ತು.

ಮನುಷ್ಯರ ಕೈಯಲ್ಲಿ ಹೀಗಾದರೆ, ಯಂತ್ರ ಕತ್ತರಿಸಿದಾಗ? ಟ್ವಿಟರ್ 2018ರಿಂದ ಫೋಟೊದ 'ಮುಖ್ಯ ಭಾಗ' ಯಾವುದೆಂದು ತಾನೇ ಊಹಿಸಿ ಕತ್ತರಿಸುತ್ತಿತ್ತು. ಬಿಳಿಯರ ಮುಖವನ್ನೇ ಹೆಚ್ಚು ಆರಿಸುತ್ತಿದೆ ಎಂದು 2020ರಲ್ಲಿ ಬಳಕೆದಾರರು ತೋರಿಸಿದರು. ಕಂಪನಿ ತಾನೇ ಪರೀಕ್ಷೆ ಮಾಡಿ ಬಿಳಿಯರ ಕಡೆಗೂ ಮಹಿಳೆಯರ ಕಡೆಗೂ ಒಲವಿರುವುದನ್ನು 2021ರ ಮೇನಲ್ಲಿ ಒಪ್ಪಿಕೊಂಡಿತು. ಹೇಗೆ ಕತ್ತರಿಸಬೇಕು ಎಂಬುದನ್ನು ಜನರೇ ನಿರ್ಧರಿಸುವುದು ಒಳ್ಳೆಯದು ಎಂದೂ ಹೇಳಿತು.

ಮಸುಕಾದ ಮುಖವನ್ನು ಆ್ಯಪ್ ಸ್ಪಷ್ಟ ಮಾಡಬಲ್ಲದೇ?

ಸಿನಿಮಾದಲ್ಲಿ ಪೊಲೀಸರು ಸಿಸಿಟಿವಿಯ ನಾಲ್ಕು ಚುಕ್ಕಿಯಿಂದ ಕಳ್ಳನ ಮುಖ ಹಿಗ್ಗಿಸುತ್ತಾರೆ. ಈಗ ಎಐ ಆ್ಯಪ್‌ಗಳೂ ಅದನ್ನೇ ಮಾಡುತ್ತೇವೆ ಎನ್ನುತ್ತವೆ. ಅವು ಮಾಡುವುದು ಊಹೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರ 'ಪಲ್ಸ್' ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮ ಅವರ ಮಸುಕು ಫೋಟೊ ಕೊಟ್ಟಾಗ ಒಬ್ಬ ಬಿಳಿಯ ಗಂಡಸಿನ ಸ್ಪಷ್ಟ ಮುಖ ಬಂತು. ಇಲ್ಲಿ ಮೂಡುವ ಮುಖಗಳು ಕಾಲ್ಪನಿಕ, ಯಾರನ್ನೂ ಗುರುತಿಸಲು ಬಳಸಬೇಡಿ ಎಂದು ಅದನ್ನು ರೂಪಿಸಿದವರೇ ಹೇಳಿದ್ದರು. 'ಮಕ್ಕಳ ಕಳ್ಳ' ಎಂಬ ಮಸುಕು ಫೋಟೊವನ್ನು ಹೀಗೆ ಸ್ಪಷ್ಟ ಮಾಡಿ ಹಂಚಿದರೆ, ಆ ಹೊಸ ಮುಖಕ್ಕೆ ಹೋಲುವ ನಿರಪರಾಧಿಯೊಬ್ಬ ಜನರ ಕೈಗೆ ಸಿಗಬಹುದು.

ನೀವೇ ಪೋಸ್ಟರ್ ಮಾಡುವಾಗ

ಒಮ್ಮೆ ರಕ್ತದಾನ ಶಿಬಿರಕ್ಕೆ ನಾವೇ ಪೋಸ್ಟರ್ ಮಾಡಿ, ದಿನಾಂಕ ಮತ್ತು ಸ್ಥಳವನ್ನು ಅಂದವಾಗಿ ಕೆಳಗಿನ ಪಟ್ಟಿಯಲ್ಲಿ ಹಾಕಿದ್ದೆವು. ಅದು ಸುತ್ತಿ ನಮ್ಮ ಬಳಿಗೇ ವಾಪಸ್ ಬಂದಾಗ ಪಟ್ಟಿ ಇರಲಿಲ್ಲ. ಅಂದಿನಿಂದ ಮುಖ್ಯ ಮಾಹಿತಿಯನ್ನು ನಡುಭಾಗದಲ್ಲಿ ದಪ್ಪ ಅಕ್ಷರದಲ್ಲಿ ಇಡುತ್ತೇವೆ. ಕಾಣೆಯಾದವರ ಫೋಟೊ ಆದರೆ ದಿನಾಂಕ ಮತ್ತು ನಂಬರನ್ನು ಮುಖದ ಪಕ್ಕದಲ್ಲೇ ಬರೆಯಿರಿ. ಮುಖ ಕತ್ತರಿಸುವವರು ಕಡಿಮೆ. ಅದೇ ಮಾಹಿತಿಯನ್ನು ಕೆಳಗೆ ಟೈಪ್ ಕೂಡ ಮಾಡಿ.

ಇನ್‌ಸ್ಟಾಗ್ರಾಮ್‌ಗೆ 1080 ಪಿಕ್ಸೆಲ್ ಅಗಲ ಸಾಕು. ಅಲ್ಲಿ 2025ರ ಜನವರಿಯಲ್ಲಿ ಪ್ರೊಫೈಲ್ ಪುಟದ ಚೌಕಗಳು ಉದ್ದವಾದವು, ಹಳೆಯ ಚೌಕ ಪೋಸ್ಟರ್‌ಗಳ ಅಕ್ಕಪಕ್ಕದ ಅಕ್ಷರ ಅಲ್ಲಿ ಕತ್ತರಿಸಿದಂತೆ ಕಾಣತೊಡಗಿತು. ಅಂದರೆ ಅಳತೆಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ನಾಲ್ಕೂ ಅಂಚಿನಲ್ಲಿ ಜಾಗ ಬಿಡುವುದೇ ಸರಿ. ಡಿಪಿಯ ವೃತ್ತದೊಳಗೆ ಚೌಕ ಫೋಟೊದ ಶೇ 78.5 ಭಾಗವಷ್ಟೇ ಕಾಣುತ್ತದೆ, ಮೂಲೆಯಲ್ಲಿ ನಿಂತ ಅಜ್ಜಿ ಕಾಣುವುದಿಲ್ಲ.

ಇದಕ್ಕೆಲ್ಲ ಬೇರೆ ಆ್ಯಪ್ ಬೇಕಿಲ್ಲ. ಮೊಬೈಲಿನ ಗ್ಯಾಲರಿಯಲ್ಲೇ ಕ್ರಾಪ್ ಇದೆ, ಅನೇಕ ಫೋನ್‌ಗಳಲ್ಲಿ ರಿಸೈಜ್ ಕೂಡ ಇದೆ. ಆಧಾರ್ ಅಥವಾ ಅಂಕಪಟ್ಟಿಯ ಫೋಟೊವನ್ನು 'ಉಚಿತವಾಗಿ ಕೆಬಿ ಇಳಿಸಿಕೊಡುವ' ಗುರುತಿಲ್ಲದ ವೆಬ್‌ಸೈಟ್‌ಗೆ ಏರಿಸಬೇಡಿ. ವಾಟ್ಸ್‌ಆಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಫೋಟೊ ಒಂದಿಷ್ಟೂ ಕುಗ್ಗದೆ ಹೋಗುತ್ತದೆ. ಆದರೆ ಫೋಟೊ ತೆಗೆದ ಜಾಗ ಮತ್ತು ಸಮಯ ಅದರಲ್ಲಿ ದಾಖಲಾಗಿದ್ದರೆ ಅದೂ ಜೊತೆಗೆ ಹೋಗುತ್ತದೆ. ಮಕ್ಕಳ ಫೋಟೊ ಕಳಿಸುವಾಗ ಇದು ನೆನಪಿರಲಿ.

ಇನ್ನು ಅಂಚು ಕತ್ತರಿಸಿದ 'ಕಾಣೆಯಾಗಿದೆ' ಫೋಟೊ ಬಂದರೆ, ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದೇ ಚಿತ್ರದ ದೊಡ್ಡ ಪ್ರತಿ ಸಿಗುತ್ತದೆಯೇ ನೋಡಿ. ಕೆಳಗಿನ ಸಾಲು ಅಲ್ಲಿ ಇನ್ನೂ ಉಳಿದಿರಬಹುದು. ಮಗುವನ್ನು ನಿಜವಾಗಿ ಎಲ್ಲಾದರೂ ನೋಡಿದ್ದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಅದಕ್ಕೆ ಪೋಸ್ಟರಿನಲ್ಲಿ ನಂಬರ್ ಇರಲೇಬೇಕೆಂದಿಲ್ಲ.