ಗೃಹನಿರ್ಮಾಣದ ನಿಯಮಗಳೂ ಶಕ್ತಿಯ ಉಳಿತಾಯವೂ

ಹೊಸ ಮನೆಯ ಗೋಡೆ ಎಂತಹುದಿರಬೇಕು, ಕಿಟಕಿಗೆ ಯಾವ ಗಾಜು ಹಾಕಬೇಕು ಎಂಬುದನ್ನು ಸರ್ಕಾರವು ವಿಧಿಸಿದರೆ ವಿದ್ಯುಚ್ಛಕ್ತಿಯು ಉಳಿಯುವುದೇ? ಉಳಿಯಬೇಕೆಂದು ಭೌತಶಾಸ್ತ್ರವು ಹೇಳುತ್ತದೆ. ಗೋಡೆಯ ಮೂಲಕ ಹರಿಯುವ ಶಾಖವು ಅದರ ವಿಸ್ತೀರ್ಣ, ಒಳಹೊರಗಿನ ಉಷ್ಣತೆಯ ವ್ಯತ್ಯಾಸ ಮತ್ತು ಶಾಖವನ್ನು ಸಾಗಿಸುವ ಅದರ ಗುಣ, ಈ ಮೂರನ್ನು ಅವಲಂಬಿಸಿದೆ. ಈ ಗುಣವನ್ನು ಅರ್ಧಕ್ಕೆ ಇಳಿಸಿದರೆ ಹರಿಯುವ ಶಾಖವೂ ಅರ್ಧಕ್ಕೆ ಇಳಿಯುವುದು.

ಆದರೆ ಗೋಡೆಯ ಲೆಕ್ಕವೇ ಮನೆಯ ಲೆಕ್ಕವಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು 1978ರಲ್ಲಿ, ಆ ದೇಶದಲ್ಲೇ ಮೊದಲಾಗಿ, ಇಂತಹ ನಿಯಮಗಳನ್ನು ಜಾರಿಗೆ ತಂದಿತು. ಇವುಗಳಿಂದ ಮನೆಗಳ ಶಕ್ತಿವ್ಯಯವು ಶೇಕಡ 80ರಷ್ಟು ತಗ್ಗುವುದೆಂದು ಅಂದಾಜು ಮಾಡಲಾಗಿತ್ತು. ಮನೆಯ ವಿಸ್ತಾರ, ನಿವಾಸಿಗಳ ಸಂಖ್ಯೆ ಮೊದಲಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಅರ್ಥಶಾಸ್ತ್ರಜ್ಞ ಆರಿಕ್ ಲೆವಿನ್ಸನ್ ಅವರು ಹಳೆಯ ಮನೆಗಳನ್ನೂ ಹೊಸವನ್ನೂ ಹೋಲಿಸಿ, 2016ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೂರು ವಿಧಾನಗಳಿಂದ ಪರೀಕ್ಷಿಸಿದರೂ ಉಳಿತಾಯವು ಅಂದಾಜಿಗಿಂತ ಬಹಳ ಕಡಿಮೆಯಾಗಿಯೇ ಕಂಡುಬಂದಿತು.

ಹಾಗಾದರೆ ನಿಯಮಗಳು ನಿರರ್ಥಕವೇ? ಹಾಗೆನ್ನುವುದು ಆತುರವಾದೀತು. ಫ್ಲಾರಿಡದ ಗೇನ್ಸ್‌ವಿಲ್ ನಗರದಲ್ಲಿ, 2002ರಲ್ಲಿ ನಿಯಮವು ಬಿಗಿಯಾಗುವ ಮುಂಚೆ ಕಟ್ಟಿದ ಮನೆಗಳನ್ನೂ ತರುವಾಯ ಕಟ್ಟಿದವನ್ನೂ ಜೇಕಬ್ಸನ್ ಮತ್ತು ಕಾಚನ್ ಎಂಬ ವಿದ್ವಾಂಸರು ತಿಂಗಳ ಬಿಲ್ಲುಗಳಿಂದ ಹೋಲಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ ವಿದ್ಯುತ್ತಿನಲ್ಲಿ ಶೇಕಡ 4, ಅನಿಲದಲ್ಲಿ ಶೇಕಡ 6 ಉಳಿದಿತ್ತು. ಅಲ್ಪವಾದರೂ ಇದು ಅಳೆದು ಕಂಡ ಉಳಿತಾಯ.

ಲೆಕ್ಕಕ್ಕೂ ಅಳತೆಗೂ ಅಂತರವೇಕೆ ಬರುವುದೆಂದು ಊಹಿಸುವುದು ಕಷ್ಟವಲ್ಲ. ಶಾಖನಿರೋಧಕ ಪದರವನ್ನು ಸಂದುಬಿಟ್ಟು ಕೂರಿಸಿದರೆ ನಕ್ಷೆಯಲ್ಲಿರುವ ಗುಣವು ಗೋಡೆಗೆ ಬಾರದು. ತಂಪಿನ ಖರ್ಚು ಇಳಿದಾಗ ಏರ್ ಕಂಡಿಷನರನ್ನು ಹೆಚ್ಚು ಹೊತ್ತು ನಡೆಸುವವರೂ ಉಂಟು. ನಿಯಮವು ಗೋಡೆಯನ್ನು ಆಳಬಲ್ಲದು. ಗುಂಡಿಯೊತ್ತುವ ಕೈಯನ್ನು ಆಳಲಾರದು.

ನಮ್ಮ ದೇಶವೂ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ‘ಇಕೊ ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯನ್ನು ರಚಿಸಿತು. ಶೀತಪ್ರದೇಶಗಳನ್ನುಳಿದು ಮಿಕ್ಕೆಡೆಗಳಲ್ಲಿ, ಛಾವಣಿಯ ಹೊರತು ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖವು ಚದರ ಮೀಟರಿಗೆ ಸರಾಸರಿ 15 ವಾಟನ್ನು ಮೀರಬಾರದೆಂಬುದು ಅದರ ಒಂದು ವಿಧಿ. ಈ ಸಂಖ್ಯೆಯನ್ನು ನಕ್ಷೆಯಿಂದಲೇ ಗಣಿಸಬಹುದು. ಅಷ್ಟಕ್ಕೇ ತೃಪ್ತರಾಗಬಾರದೆಂಬುದು ನಮ್ಮ ಅಭಿಪ್ರಾಯ. ನಿಯಮದಂತೆ ಕಟ್ಟಿದ ಮನೆಗಳ ಮೀಟರಿನ ಅಂಕೆಗಳನ್ನು, ನಿವಾಸಿಗಳ ಹೆಸರನ್ನು ಕೈಬಿಟ್ಟು, ಉಳಿದ ಮನೆಗಳ ಅಂಕೆಗಳೊಡನೆ ವರ್ಷವರ್ಷವೂ ಹೋಲಿಸಿ ಪ್ರಕಟಿಸಬೇಕು. ಇಂದು ಕಟ್ಟಿದ ಗೋಡೆಯು ಹಲವು ದಶಕಗಳ ಕಾಲ ನಿಲ್ಲುವುದು. ನಿಯಮದಲ್ಲಿ ದೋಷವಿದ್ದರೆ ಅದೂ ಅಷ್ಟೇ ಕಾಲ ನಿಲ್ಲುವುದು.

ಸೂತ್ರವನ್ನು ಬರೆದು ಅಳತೆಯನ್ನು ಮಾಡದೆ ಬಂದ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ನಾವು ಅಂಕ ಕೊಡುವುದಿಲ್ಲ. ನಿಯಮಾವಳಿಗೆ ಮಾತ್ರ ಏಕೆ ಕೊಡಬೇಕು?