ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ಅಮ್ಮಂದಿರಿಗೂ ಕಾಲೇಜು ಬೇಕು

ಹುಳಿಮಾವು, ಅರೆಕೆರೆ, ಬಿಳೇಕಹಳ್ಳಿ, ಗೊಟ್ಟಿಗೆರೆ, ಬೇಗೂರು ಭಾಗದ ನಿವಾಸಿಗಳಲ್ಲಿ, ಇಲ್ಲಿನ ಪದವಿ ಕಾಲೇಜುಗಳ ಆಡಳಿತ ಮಂಡಳಿ ಹಾಗೂ ಪ್ರಾಂಶುಪಾಲರಲ್ಲಿ ಒಂದು ಮನವಿ

ಬನ್ನೇರುಘಟ್ಟ ರಸ್ತೆಯಲ್ಲಿ ಓದುವ ಜಾಗಕ್ಕೆ ಬರವಿಲ್ಲ. ಬಿಳೇಕಹಳ್ಳಿಯಲ್ಲಿ ಐಐಎಂ ಇದೆ, ಹುಳಿಮಾವಿನಲ್ಲೇ ಕ್ರೈಸ್ಟ್ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಇದೆ, ಗೊಟ್ಟಿಗೆರೆ ದಾಟುವಷ್ಟರಲ್ಲಿ ಇನ್ನೂ ಹಲವು ಕಾಲೇಜುಗಳ ಫಲಕ ಕಣ್ಣಿಗೆ ಬೀಳುತ್ತವೆ. ಬಸ್ಸು ಹತ್ತಿದರೆ ಜಯನಗರದ ಕಾಲೇಜುಗಳೂ ದೂರವಲ್ಲ; 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚೂ ಇಲ್ಲ. ಇಷ್ಟಿದ್ದೂ, ಪಿಯುಸಿಗೋ ಡಿಗ್ರಿಯ ಎರಡನೇ ವರ್ಷಕ್ಕೋ ಓದು ನಿಲ್ಲಿಸಿ ಮದುವೆಯಾಗಿ, ಈಗ ಒಂದನೇ ಕ್ಲಾಸಿನ ಮಗುವನ್ನು ಸ್ಕೂಲಿಗೆ ಬಿಟ್ಟು ಅದೇ ಕಾಲೇಜುಗಳ ಗೇಟಿನ ಮುಂದೆ ಹಾದು ಮನೆಗೆ ಮರಳುವ ತಾಯಿಗೆ ಒಳಗೆ ಹೋಗಲು ದಾರಿ ಸಿಗುತ್ತಿಲ್ಲ. ಹಣದ ತೊಂದರೆ ಇರುವವರು ಇದ್ದಾರೆ, ನಿಜ. ಆದರೆ ಫೀಸು ಹೊಂದಿಸಿಕೊಂಡವರನ್ನೂ ತಡೆದು ನಿಲ್ಲಿಸುತ್ತಿರುವುದು ಕಾಲೇಜಿನ ವೇಳಾಪಟ್ಟಿ. ಹದಿನೆಂಟು ತುಂಬಿದ, ಯಾರನ್ನೂ ನೋಡಿಕೊಳ್ಳುವ ಹೊಣೆಯಿಲ್ಲದ, ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ಬರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆದಿದ್ದಾರೆ. ಬುತ್ತಿ ಕಟ್ಟುವವಳೇ ಓದಲು ಬಂದರೆ ಏನು ಮಾಡಬೇಕೆಂಬ ಯೋಚನೆ ಅದರಲ್ಲಿಲ್ಲ. ಹಾಗಾಗಿ ನಮ್ಮ ಬೇಡಿಕೆ ಇಷ್ಟು: ಈ ಭಾಗದ ಪ್ರತಿಯೊಂದು ಪದವಿ ಕಾಲೇಜು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಮುಗಿಯುವ ಒಂದು ವಿಭಾಗವನ್ನು ನಡೆಸಲಿ, ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಿಗೆ ಒಂದು ಕೋಣೆ ತೆಗೆದಿಡಲಿ.

ಇದು ಬೆರಳೆಣಿಕೆಯ ಜನರ ಕಷ್ಟವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ, ಪರೀಕ್ಷೆ ಮುಗಿಯುವುದನ್ನೂ ಕಾಯದೆ ಮದುವೆ ಮಾಡಿಸಿಕೊಂಡವರು ಈ ಲೆಕ್ಕಕ್ಕೆ ಸೇರಿಲ್ಲ. ಊರಿನಿಂದ ಬಂದು ಬೇಗೂರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ತಾಯಂದಿರು, ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುವವರು, ಸಾಫ್ಟ್‌ವೇರ್ ಗಂಡನ ಜೊತೆ ಬೆಂಗಳೂರಿಗೆ ಬಂದು ಅರ್ಧ ಡಿಗ್ರಿಯನ್ನು ಟ್ರಂಕಿನಲ್ಲಿಟ್ಟವರು, ಎಲ್ಲರೂ ಇದೇ ಬೀದಿಗಳಲ್ಲಿದ್ದಾರೆ. ತಂಗಿಯ ಮದುವೆಗೆಂದು ಓದು ಬಿಟ್ಟು ಕ್ಯಾಬ್ ಓಡಿಸುವ ಅಪ್ಪಂದಿರೂ ಇದ್ದಾರೆ. ಸರ್ಕಾರದ ಕಣ್ಣಿಗೆ ಇವರು ಬೀಳದಿರುವುದಕ್ಕೆ ಒಂದು ಕಾರಣ ಅದರ ಅಳತೆಗೋಲಿನಲ್ಲೇ ಇದೆ. ಉನ್ನತ ಶಿಕ್ಷಣ ಎಷ್ಟು ಜನರನ್ನು ತಲುಪಿದೆ ಎಂದು ಹೇಳುವ ದಾಖಲಾತಿ ಅನುಪಾತವನ್ನು 18ರಿಂದ 23 ವಯಸ್ಸಿನ ಜನಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಾರೆ. ಮೂವತ್ತೈದರ ತಾಯಿಯೊಬ್ಬಳು ಕಾಲೇಜಿನಿಂದ ಹೊರಗೇ ಉಳಿದಿದ್ದಾಳೆ ಎಂಬುದು ಆ ಅಂಕಿಯಲ್ಲಿ ಎಂದಿಗೂ ಕಾಣಿಸಿಕೊಳ್ಳುವುದಿಲ್ಲ.

ಹೊತ್ತಿನ ಮಾತಿಗೆ ಬರೋಣ, ಎಲ್ಲ ತೊಡಕೂ ಇರುವುದು ಅಲ್ಲೇ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸೊಬ್ಬಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸು ಕೊಡುವುದು 97 ನಿಮಿಷ. ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಇನ್ನು ಈ ನಿಮಿಷಗಳು ದಿನದ ಯಾವ ಭಾಗದಲ್ಲಿ ಬೀಳುತ್ತವೆ ನೋಡಿ. ಬೆಳಿಗ್ಗೆ ಐದೂವರೆಗೆ ನೀರು ಹಿಡಿಯುವುದು, ತಿಂಡಿ, ಡಬ್ಬಿ, ಯೂನಿಫಾರ್ಮು, ಎಂಟರ ಆಸುಪಾಸಿಗೆ ಸ್ಕೂಲ್ ವ್ಯಾನು. ಮಧ್ಯಾಹ್ನ ಮೂರರ ಮೇಲೆ ಮಕ್ಕಳು ಮನೆಗೆ, ಆಮೇಲೆ ಹೋಮ್‌ವರ್ಕು, ರಾತ್ರಿಯ ಅಡುಗೆ, ಮಲಗಿಸುವುದು. ತಾಯಿಯ ದಿನದಲ್ಲಿ ಖಾಲಿ ಇರುವುದೆಂದರೆ ನಡುಹಗಲಿನ ನಾಲ್ಕೈದು ಗಂಟೆ. ಕಾಲೇಜುಗಳು ಕೊಡುತ್ತಿರುವುದು ಎರಡೇ ಬಾಗಿಲು. ಒಂದು, ಎಂಟಕ್ಕೋ ಎಂಟೂವರೆಗೋ ಮೊದಲ ಪೀರಿಯಡ್ ಶುರುವಾಗುವ ಬೆಳಗಿನ ಕಾಲೇಜು. ಎರಡು, ಸಂಜೆ ಐದೂವರೆ ಆರಕ್ಕೆ ಶುರುವಾಗುವ ಸಂಜೆ ಕಾಲೇಜು. ಬೆಂಗಳೂರಿನ ಸಂಜೆ ಕಾಲೇಜುಗಳು ಮಾಡಿದ ಉಪಕಾರ ದೊಡ್ಡದು. ಹಗಲು ಆಫೀಸಿನಲ್ಲಿ ಗುಮಾಸ್ತರಾಗಿ, ಕಾರ್ಖಾನೆಯಲ್ಲಿ ಕಾರ್ಮಿಕರಾಗಿ ದುಡಿದ ಸಾವಿರಾರು ಜನರ ಕೈಗೆ ಅವು ಡಿಗ್ರಿ ಕೊಟ್ಟಿವೆ. ಆದರೆ ಅವು ಹುಟ್ಟಿದ್ದು ಮನೆಯಲ್ಲಿ ಅಡುಗೆ ಮಾಡಲು ಬೇರೊಬ್ಬರು ಇರುವ ದುಡಿಯುವ ಗಂಡಸಿಗಾಗಿ. ಮಕ್ಕಳು ಮನೆ ಸೇರುವ ಹೊತ್ತಿಗೆ ಸರಿಯಾಗಿ ತಾಯಿ ಮನೆಯಿಂದ ಹೊರಡಬೇಕಾದ ಕಾಲೇಜು, ಅದೂ ಸಂಜೆಯ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ, ಅವಳ ಪಾಲಿಗೆ ಮುಚ್ಚಿದ ಕಾಲೇಜೇ.

ನಾಲ್ಕು ಗಂಟೆಯಲ್ಲಿ ಡಿಗ್ರಿ ಮುಗಿದೀತೇ ಎಂದು ಪ್ರಾಂಶುಪಾಲರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಯುಜಿಸಿಯ 2022ರ ಪದವಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್; ಆರು ಸೆಮಿಸ್ಟರಿಗೆ ಹಂಚಿದರೆ ಸೆಮಿಸ್ಟರಿಗೆ 20. ಉಪನ್ಯಾಸದ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆಯ ಪಾಠ. ದಿನಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ ಐದು ದಿನ ಕೂತರೆ 20 ಗಂಟೆ. ಬಿ.ಎ., ಬಿ.ಕಾಂ.ಗಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ಪ್ರಯೋಗಾಲಯದ ಒಂದು ಕ್ರೆಡಿಟ್‌ಗೆ ಎರಡು ಗಂಟೆ ಬೇಕಾಗುವುದರಿಂದ ಬಿ.ಎಸ್ಸಿ.ಗೆ ಹೊಂದುವುದಿಲ್ಲ, ಅಲ್ಲಿ ಸೆಮಿಸ್ಟರಿಗೆ ಒಂದೆರಡು ವಿಷಯ ಕಡಿಮೆ ತೆಗೆದುಕೊಂಡು ನಿಧಾನವಾಗಿ ಮುಗಿಸಲು ಬಿಡಬೇಕು. ಹಾಗೆ ಬಿಡುವುದಕ್ಕೂ ತಳಪಾಯ ಆಗಲೇ ಬಿದ್ದಿದೆ: 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ಟುಗಳು ಏಳು ವರ್ಷದವರೆಗೆ ಊರ್ಜಿತವಾಗಿರುತ್ತವೆ. ಹೆರಿಗೆಗೋ ಮಗುವಿನ ಕಾಯಿಲೆಗೋ ಒಂದು ವರ್ಷ ನಿಲ್ಲಿಸಿದವರು ಮೊದಲಿನಿಂದ ಶುರುಮಾಡಬೇಕಾಗಿಲ್ಲ ಎಂಬುದು ಕಾಗದದ ಮೇಲೆ ಒಪ್ಪಿಕೊಂಡಾಗಿದೆ. ಅದನ್ನು ಪ್ರವೇಶದ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವವರು ಬೇಕು.

ಇನ್ನು ಮಕ್ಕಳ ಕೋಣೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ ಸಂಸತ್ತು 50 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು ಎಂದು ವಿಧಿಸಿತು. ನಮ್ಮ ರಾಜ್ಯ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿ ಮಾಡುವ ತಾಯಂದಿರಿಗೆ ‘ಕೂಸಿನ ಮನೆ’ಗಳನ್ನು ತೆರೆಯಿತು. ಎರಡೂ ಒಳ್ಳೆಯವೇ. ಎರಡರಲ್ಲೂ ದುಡಿಯುವ ತಾಯಿ ಇದ್ದಾಳೆ, ಓದುವ ತಾಯಿ ಇಲ್ಲ. ಆದರೆ ಮಿಷನ್ ಶಕ್ತಿಯ ಅಡಿಯಲ್ಲಿ ಬರುವ ಕೇಂದ್ರದ ‘ಪಾಲನಾ’ ಯೋಜನೆ ಈ ಗೆರೆ ದಾಟಿದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ-ಕಮ್-ಕ್ರೆಷ್‌ಗಳನ್ನು ಅದು ತಾಯಿ ಉದ್ಯೋಗದಲ್ಲಿರಲಿ ಇಲ್ಲದಿರಲಿ ಎಲ್ಲರಿಗೂ ತೆರೆದಿಡಬೇಕೆನ್ನುತ್ತದೆ. ಕಾಲೇಜಿನ ನೆಲಮಹಡಿಯಲ್ಲಿ ಬಿಸಿಲು ಬರುವ ಒಂದು ಕೋಣೆ, ಬಾಗಿಲಿಗೆ ಅಡ್ಡಗೇಟು, ಎರಡು ಚಾಪೆ, ತೊಟ್ಟಿಲು, ಹಾಲು ಕಾಯಿಸಲು ಒಲೆ, ತರಬೇತಿ ಪಡೆದ ಒಬ್ಬಿಬ್ಬರು ಆಯಾ: ಇಷ್ಟನ್ನು ಹತ್ತಿರದ ಅಂಗನವಾಡಿಯ ಜೊತೆ ಸೇರಿ ನಡೆಸಬಹುದು. ಅಮೆರಿಕದಲ್ಲಿ ಕಡಿಮೆ ಆದಾಯದ ವಿದ್ಯಾರ್ಥಿ-ಪೋಷಕರಿಗೆ ಕ್ಯಾಂಪಸ್ಸಿನಲ್ಲೇ ಮಕ್ಕಳ ಪಾಲನೆ ಸಿಗಲೆಂದು 1998ರಲ್ಲೇ ಕಾನೂನಿನ ಮೂಲಕ ಅನುದಾನ ಕೊಟ್ಟರು. ಅಷ್ಟಾದರೂ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2019ರ ವರದಿ, ಪದವಿ ವಿದ್ಯಾರ್ಥಿಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮಕ್ಕಳನ್ನು ಸಾಕುತ್ತಿರುವವರು, ಅಂಥವರಲ್ಲಿ ಅರ್ಧದಷ್ಟು ಜನ ಪದವಿ ಮುಗಿಸದೆಯೇ ಹೊರಬಿದ್ದರು ಎಂದು ಹೇಳಿತು. ಪ್ರವೇಶ ಕೊಟ್ಟುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಮಗುವಿಗೆ ಜ್ವರ ಬಂದ ವಾರದಲ್ಲಿ ಕಾಲೇಜು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಾಜರಾತಿಯಲ್ಲೂ ನಾವು ಕೇಳುತ್ತಿರುವುದು ಹೊಸದೇನಲ್ಲ. ಎಂ.ಫಿಲ್., ಪಿಎಚ್.ಡಿ. ಮಾಡುವ ಹೆಂಗಸರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡಬಹುದೆಂದು ಯುಜಿಸಿ 2016ರ ನಿಯಮಗಳಲ್ಲಿ ಬರೆಯಿತು. 2021ರ ಡಿಸೆಂಬರಿನಲ್ಲಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಇಂಥ ರಜೆ, ಹಾಜರಾತಿಯ ವಿನಾಯಿತಿ ಸಿಗುವಂತೆ ನಿಯಮ ಮಾಡಿಕೊಳ್ಳಿ ಎಂದು ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಆ ನಿಯಮ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಬೇಕು. ಶೇ 75ರ ಹಾಜರಾತಿಗೆ ಕಡಿಮೆ ಬಿದ್ದಾಗ ಎಚ್‌ಒಡಿಯ ಕರುಣೆಗೆ ಕಾಯುವ ಸ್ಥಿತಿ ಇರಬಾರದು. ಅರ್ಜಿಯ ಕಾಗದಗಳದ್ದೂ ಒಂದು ಮಾತಿದೆ. ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್ಲು, ಆಧಾರ್‌ನಲ್ಲಿ ಗಂಡನ ಹೆಸರು. ಇದರ ಮೇಲೆ ಓದು ನಿಂತ ವರ್ಷಗಳಿಗೆ ಗ್ಯಾಪ್ ಸರ್ಟಿಫಿಕೇಟು, ಛಾಪಾ ಕಾಗದ, ನೋಟರಿಯ ಸಹಿ. ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಗೆ ಮಕ್ಕಳನ್ನು ಸಾಕುತ್ತಿದ್ದೆ ಎಂಬ ಉತ್ತರವನ್ನು ಪ್ರಮಾಣಪತ್ರ ಮಾಡಿಸಿ ತರಬೇಕಾಗುತ್ತದೆ. ಕಾಲೇಜಿನಲ್ಲೇ ಒಬ್ಬ ಗುಮಾಸ್ತರಿಗೆ ಈ ಕೆಲಸ ವಹಿಸಿ, ಒಂದೇ ನಮೂನೆಯ ಸ್ವಯಂ ಘೋಷಣೆ ತೆಗೆದುಕೊಂಡರೆ, ಮೊದಲ ವಾರದಲ್ಲೇ ಬೇಸತ್ತು ತಿರುಗಿ ಹೋಗುವವರು ಉಳಿಯುತ್ತಾರೆ.

ಮನೆಗಳಲ್ಲಿ ಮೊದಲು ಏಳುವ ಆಕ್ಷೇಪ ಬೇರೆ. ತಾಯಿ ಓದಲು ಕೂತರೆ ಮಕ್ಕಳ ಓದು ಹಾಳಾಗುವುದಿಲ್ಲವೇ? ಮಕ್ಕಳ ಮೇಲಿನ ಕಾಳಜಿಯಿಂದಲೇ ಅತ್ತೆಮಾವಂದಿರು, ಗಂಡಂದಿರು ಹೀಗೆ ಕೇಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಾಯಿಯ ಓದಿಗೂ ಮಗುವಿನ ಉಳಿವಿಗೂ ಇರುವ ನಂಟನ್ನು ಜಾನ್ ಕಾಲ್ಡ್‌ವೆಲ್ ಎಂಬ ಜನಸಂಖ್ಯಾಶಾಸ್ತ್ರಜ್ಞರು 1979ರಲ್ಲಿ ನೈಜೀರಿಯದ ಮಾಹಿತಿಯಿಂದ ತೋರಿಸಿದರು. ಮುಂದೆ ಬೆಂಗಳೂರಿನ ಪಿ.ಎಚ್. ರೆಡ್ಡಿಯವರ ಜೊತೆ ಕರ್ನಾಟಕದ ಹಳ್ಳಿಗಳಲ್ಲೂ ಅದನ್ನೇ ಕೂಲಂಕಷವಾಗಿ ನೋಡಿದರು. ಆದರೆ ಆ ತಾಯಂದಿರು ಓದಿದ್ದು ಮಕ್ಕಳಾಗುವ ಮೊದಲು ಎಂದು ವಾದಿಸಬಹುದು, ಆ ವಾದ ಸರಿಯೇ. ಮಕ್ಕಳಾದ ಮೇಲೆ ಓದಿದವರ ಬಗ್ಗೆಯೂ ಪುರಾವೆ ಇದೆ. ಬಿಹಾರ ಮತ್ತು ರಾಜಸ್ಥಾನದಲ್ಲಿ ‘ಪ್ರಥಮ್’ ಸಂಸ್ಥೆ ತಾಯಂದಿರಿಗೆ ನಡೆಸಿದ ಓದುಬರಹದ ತರಗತಿಗಳ ಫಲವನ್ನು ರುಕ್ಮಿಣಿ ಬ್ಯಾನರ್ಜಿ, ಜೇಮ್ಸ್ ಬೆರಿ, ಮಾರ್ಕ್ ಶಾಟ್ಲೆಂಡ್ ಅಳೆದು 2017ರಲ್ಲಿ ಪ್ರಕಟಿಸಿದರು. ತಾಯಿ ತರಗತಿಗೆ ಹೋದ ಊರುಗಳ ಮಕ್ಕಳ ಗಣಿತ ತುಸು ಸುಧಾರಿಸಿತ್ತು. ಮಕ್ಕಳ ಕಲಿಕೆಯಲ್ಲಿ ಮನೆಯಲ್ಲಿ ಕೈಜೋಡಿಸುವ ಬಗೆಯನ್ನೂ ಹೇಳಿಕೊಟ್ಟಲ್ಲಿ ಇನ್ನಷ್ಟು. ಲಾಭ ಸಣ್ಣದು, ಉತ್ಪ್ರೇಕ್ಷೆ ಬೇಡ. ಆದರೆ ಕೇಳಿದ್ದು ಮಕ್ಕಳ ಓದು ಹಾಳಾಗುತ್ತದೆಯೇ ಎಂದು. ಹಾಳಾಗಲಿಲ್ಲ. ಅದರಲ್ಲೂ ನಾವು ಕೇಳುತ್ತಿರುವ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲೇ ಇರುವುದಿಲ್ಲ.

ದೂರಶಿಕ್ಷಣ ಇದೆಯಲ್ಲ, ಕಾಲೇಜಿಗೇ ಯಾಕೆ ಬರಬೇಕು ಎನ್ನುವವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು, 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮನೆಬಿಟ್ಟು ಕದಲಲಾಗದವರಿಗೆ ಅದು ದೊಡ್ಡ ಆಸರೆ. ಅನುಕೂಲವಾಗುವವರು ಖಂಡಿತ ಸೇರಲಿ. ಆದರೆ ಅದರ ಮಾನ್ಯತೆ ತಪ್ಪಿ 2018ರಲ್ಲಿ ಮರಳಿ ಸಿಗುವವರೆಗೆ ಅದನ್ನೇ ನಂಬಿದ ವಿದ್ಯಾರ್ಥಿಗಳು ಅನುಭವಿಸಿದ್ದನ್ನು ರಾಜ್ಯ ಕಂಡಿದೆ. ಇರುವುದು ಒಂದೇ ದಾರಿಯಾದಾಗ ಅದು ಮುಚ್ಚಿದ ದಿನ ಎಲ್ಲರೂ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಇನ್ನೊಂದು ಮಾತು: ರಾತ್ರಿ ಹತ್ತರ ಮೇಲೆ, ಪಾತ್ರೆ ತೊಳೆದು, ಒಬ್ಬಳೇ ಪುಸ್ತಕ ತೆರೆದು ಕೂರುವ ಓದಿನಲ್ಲಿ ಸಂಶಯ ಕೇಳಲು ಯಾರೂ ಇರುವುದಿಲ್ಲ. ಎದುರಿಗೆ ಮೇಷ್ಟ್ರು, ಪಕ್ಕದಲ್ಲಿ ತನ್ನಂತೆಯೇ ಮಗುವನ್ನು ಬಿಟ್ಟು ಬಂದ ಗೆಳತಿ ಇರುವ ತರಗತಿಯಲ್ಲಿ ಕೈಬಿಡುವ ಮನಸ್ಸು ಬಂದ ದಿನವೂ ಮುಂದುವರಿಯುವುದು ಸಾಧ್ಯ. 1958ರಲ್ಲಿ ದುರ್ಗಾಬಾಯಿ ದೇಶಮುಖ್ ನೇತೃತ್ವದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಓದು ನಿಂತ ವಯಸ್ಕ ಹೆಂಗಸರಿಗೆ ಸಂಕ್ಷಿಪ್ತ ಕೋರ್ಸುಗಳನ್ನು ಆರಂಭಿಸಿದಾಗ ಅವರನ್ನು ಒಟ್ಟಿಗೆ ಕೂರಿಸಿಯೇ ಕಲಿಸಿತು.

ನಲವತ್ತಕ್ಕೆ ಡಿಗ್ರಿ ತೆಗೆದುಕೊಂಡು ಏನು ಪ್ರಯೋಜನ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಕೆಲವು ಸರ್ಕಾರಿ ಹುದ್ದೆಗಳ ವಯೋಮಿತಿ ದಾಟಿರುತ್ತದೆ, ಹೌದು. ಆದರೆ ನಲವತ್ತರ ಹೆಂಗಸಿಗೆ ಇನ್ನೂ ಇಪ್ಪತ್ತು ವರ್ಷದ ದುಡಿಮೆ ಬಾಕಿ ಇದೆ. ಈ ರಸ್ತೆಯ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರು, ಶಾಲೆಗಳ ಕಚೇರಿ, ಆಡಿಟರ ಆಫೀಸು, ಎಲ್ಲೆಡೆ ಮೊದಲು ಕೇಳುವುದು ಡಿಗ್ರಿಯನ್ನೇ. ಹದಿನೆಂಟರ ಮಕ್ಕಳ ಜೊತೆ ಕೂರಲು ಮುಜುಗರವಾಗುತ್ತದೆ ಎನ್ನುವವರಿಗೂ ಉತ್ತರ ಪ್ರತ್ಯೇಕ ವಿಭಾಗದಲ್ಲೇ ಇದೆ. ಬಯಸಿದ ಅಪ್ಪಂದಿರಿಗೂ ಅಲ್ಲಿ ಜಾಗವಿರಲಿ.

ಕೊನೆಗೆ ಆಡಳಿತ ಮಂಡಳಿಗಳಿಂದ ಬರುವ ಉತ್ತರ ಯಾವುದೆಂದು ಊಹಿಸಬಹುದು: ‘ಬೇಡಿಕೆಯೇ ಇಲ್ಲ.’ ಕೇಳಿದವರನ್ನು ಕೌಂಟರಿನಲ್ಲೇ ಬಾಯಿಮಾತಿನಲ್ಲಿ ಕಳಿಸಿಬಿಟ್ಟರೆ ಬೇಡಿಕೆ ದಾಖಲಾಗುವುದು ಎಲ್ಲಿಂದ? ಆದ್ದರಿಂದ, ಓದು ಮುಂದುವರಿಸಬೇಕೆಂಬ ಆಸೆ ಇರುವ ಪ್ರತಿಯೊಬ್ಬ ತಾಯಿ, ತಂದೆ, ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ಶುರುವಾಗುವ ಮೊದಲೇ ಹತ್ತಿರದ ಕಾಲೇಜಿಗೆ ಒಂದು ಪತ್ರ ಬರೆಯಿರಿ. ಓದು ಎಲ್ಲಿ ನಿಂತಿದೆ, ಯಾವ ಕೋರ್ಸು ಬೇಕು, ಎಷ್ಟರಿಂದ ಎಷ್ಟರವರೆಗೆ ಬರಬಲ್ಲಿರಿ, ಜೊತೆಗೆ ಕರೆತರಬೇಕಾದ ಮಗುವಿನ ವಯಸ್ಸೆಷ್ಟು, ಇಷ್ಟೇ ಸಾಕು. ಪತ್ರ ಕೊಟ್ಟ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡ ಒಂದು ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿ.